ತಾಯಿ ಹುಟ್ಟಿದ ಊರು ಕೇಳುವ ಪದ್ಮಾ ಮೇಡಂ

ಟೊರೊಂಟೊ ಸುತ್ತಿನ ಕನ್ನಡ ಮತ್ತು ತುಳು ಮನೆಗಳಲ್ಲಿ ವೀಸಾ, ವಲಸೆ, ಪೌರತ್ವ ಎಂಬ ಮಾತು ಎದ್ದಾಗಲೆಲ್ಲ ಅದರ ಬೆನ್ನಿಗೇ ಬರುವ ಹೆಸರು ಶ್ರೀಮತಿ ಪದ್ಮಾ ರಾಮಮೂರ್ತಿ ಅವರದು. ಥಾರ್ನ್‌ಹಿಲ್ಲಿನ ಸಮುದಾಯ ಕೇಂದ್ರದಲ್ಲಿ ಹೊಸಬರ ಸಲಹೆಗಾರ್ತಿಯಾಗಿ ಮೂರು ದಶಕ ದುಡಿದು ಈ ವರ್ಷ ನಿವೃತ್ತರಾಗುತ್ತಿರುವ ಅವರು, ಕಾನೂನು ಓದಿದವರಿಗೆ ಬರವಿಲ್ಲದ ಈ ಊರಿನಲ್ಲಿ, ಎದುರಿಗೆ ಕುಳಿತವರ ಮುಖ ನೋಡಿ ಅದನ್ನು ಹೇಳಬಲ್ಲ ಕೆಲವೇ ಕೆಲವರಲ್ಲಿ ಒಬ್ಬರು. ಈ ಅಭಿನಂದನ ಸಂಪುಟಕ್ಕೆ ಅವರನ್ನು ಕುರಿತು ಬರೆಯಿರಿ ಎಂದು ಸಂಪಾದಕರು ಕೇಳಿದಾಗ, ಶಾಲೆಯನ್ನು ಅರ್ಧಕ್ಕೇ ಬಿಟ್ಟ ನನ್ನಂಥವನಿಂದ ಏನಾದೀತು ಎಂದು ಹಿಂಜರಿದೆ. ಆದರೆ ಎಷ್ಟೋ ವರ್ಷ ಶನಿವಾರ ಶನಿವಾರ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತು ಕೇಳಿಸಿಕೊಂಡವನು ನಾನೊಬ್ಬನೇ ಆದ್ದರಿಂದ ಒಪ್ಪಿಕೊಂಡೆ. ಅವರು ಗೆಲ್ಲಿಸಿದ ಪ್ರಕರಣಗಳನ್ನು ಈ ಸಂಪುಟದಲ್ಲಿ ಬೇರೆಯವರು ಬರೆಯುತ್ತಾರೆ. ನನ್ನ ಕೈ ಮಾತ್ರ ಅವರು ಸೋತ ಒಂದು ಪ್ರಕರಣದ ಕಡೆಗೇ ಹೋಗುತ್ತಿದೆ.

ಮೇಡಂ ಹುಟ್ಟಿದ್ದು, ಓದಿದ್ದು ಮೈಸೂರಿನಲ್ಲಿ. ಎಂಜಿನಿಯರ್ ಆಗಿದ್ದ ಪತಿ ರಾಮಮೂರ್ತಿಯವರೊಂದಿಗೆ ಇಲ್ಲಿಗೆ ಬಂದು, ಮೊದಲ ಕೆಲವು ಚಳಿಗಾಲಗಳನ್ನು ಗ್ರಂಥಾಲಯದ ಕೌಂಟರಿನ ಹಿಂದೆ ಕಳೆದು, ಆಮೇಲೆ ಸಮುದಾಯ ಕೇಂದ್ರವನ್ನು ಸೇರಿದರು. ವಾರದ ದಿನಗಳ ಸಂಬಳದ ಕೆಲಸ ಸಾಲದೆಂಬಂತೆ, ರಿಚ್ಮಂಡ್ ಹಿಲ್ ದೇವಸ್ಥಾನದ ಕೆಳಗಿನ ಹಾಲಿನಲ್ಲಿ ಶನಿವಾರ ಒಂದು ಮೇಜು ಹಾಕಿಕೊಂಡು ಕುಳಿತರು. ಎದುರಿಗೆ ಯಾರು ಬಂದು ಕುಳಿತರೂ ಅವರ ಮೊದಲ ಪ್ರಶ್ನೆ ಹೆಸರಲ್ಲ, ಕೆಲಸವಲ್ಲ. ‘ನಿಮ್ಮ ತಾಯಿ ಹುಟ್ಟಿದ್ದು ಎಲ್ಲಿ? ತಂದೆ?’ ಹುಟ್ಟಿದ ಊರು, ವರ್ಷ ಎಂದು ಒಂದರ ಹಿಂದೊಂದು ಕೇಳುತ್ತಿದ್ದುದರಿಂದ, ಇವರು ಜಾತಕ ನೋಡುವವರೆಂದು ತಿಳಿದ ತಾಯಿಯೊಬ್ಬರು ಮಗಳಿಗೆ ಕಂಕಣಬಲ ಯಾವಾಗ ಎಂದು ವಿಚಾರಿಸಿದ್ದೂ ಉಂಟು. ಹೆಂಡತಿಯನ್ನು ಮನೆಗೆ ಕರೆದೊಯ್ಯಲು ಕಾದು ನಿಂತಿದ್ದ ರಾಮಮೂರ್ತಿಯವರು, ‘ಗುರುಬಲ ಬಂದ್ರೆ ಪಿಆರ್ ಕೂಡ ಬರತ್ತೆ ಅಂತ ಹೇಳ್ಬಿಡು ಪದ್ಮಾ, ಊಟಕ್ಕೆ ಹೋಗೋಣ’ ಎಂದಿದ್ದರು.

ನಾನು ಧಾರವಾಡದ ಕಡೆಯವನು, ವುಡ್‌ಬ್ರಿಡ್ಜಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟು ಓಡಿಸುವವನು. ನನ್ನ ಹೆಂಡತಿಯ ವೀಸಾಕ್ಕೆಂದು ಒಂದು ಶನಿವಾರ ಹೋದವನು, ಕೆಲಸ ಮುಗಿದ ಮೇಲೂ ಚಹಾ ಹಂಚುವ ನೆಪದಲ್ಲಿ ಅಲ್ಲೇ ಉಳಿದುಕೊಂಡೆ. ಬಂದವರ ಮಾತು ಕೇಳುವ ಆಸೆ ನನಗೆ. ಅದನ್ನು ಕಂಡ ಮೇಡಂ ನಿಯಮಗಳ ಪುಟಗಳನ್ನು ನನ್ನ ಮುಂದಿಟ್ಟು ಗಟ್ಟಿಯಾಗಿ ಓದಿಸಿ, ‘ಈಗ ಕನ್ನಡದಲ್ಲಿ ಹೇಳಿ ನಿಜಗುಣ. ಕನ್ನಡದಲ್ಲಿ ಹೇಳಕ್ಕೆ ಬರ್ಲಿಲ್ಲ ಅಂದ್ರೆ ನಮಗೇ ಅರ್ಥ ಆಗಿಲ್ಲ ಅಂತ’ ಎನ್ನುವರು. ನನಗೆ ದೊರೆತ ಕಾಲೇಜು ಅದೊಂದೇ.

ಧೀರಜನನ್ನು ಅವರ ಬಳಿಗೆ ಕರೆದೊಯ್ದವನು ನಾನೇ. ಉಡುಪಿ ಕಡೆಯ ಹುಡುಗ. ಇಲ್ಲಿ ಓದು ಮುಗಿಸಿ ನಮ್ಮ ಶಿಫ್ಟಿನಲ್ಲೇ ಸ್ವಲ್ಪ ಕಾಲ ಇದ್ದ. ಅವನ ತಾಯಿ ಅಮಿತಾ ಇಂಗ್ಲೆಂಡಿನ ಲೆಸ್ಟರಿನಲ್ಲಿ ಬೆಳೆದವರು, ಬ್ರಿಟಿಷ್ ಪ್ರಜೆ. ಮದುವೆಯಾಗಿ ಉಡುಪಿಗೆ ಬಂದು ನೆಲೆಸಿದ್ದವರು, ಗಂಡ ತೀರಿಕೊಂಡ ಮೇಲೆ ಲೆಸ್ಟರಿಗೇ ಹಿಂತಿರುಗಿ ತಮ್ಮ ತಾಯಿ ಕೊರಪ್ಪೊಳು ಅವರೊಂದಿಗೆ ಇದ್ದರು. ಆ ವರ್ಷ ಅಮಿತಾ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಬೇಸಿಗೆ ಕಂಡರೆ ಪುಣ್ಯ ಎಂದಿದ್ದರು ಡಾಕ್ಟರು. ಧೀರಜ ಒಬ್ಬನೇ ಮಗ. ಹೋಗಿ ತಾಯಿಯ ಬಳಿ ಇರಬೇಕು, ಅಷ್ಟೇ ಅವನಿಗೆ ಬೇಕಾಗಿದ್ದುದು.

ಅದು ಕಷ್ಟದ ಮಾತೆಂದು ಅವನಿಗೆ ಅನ್ನಿಸಿರಲೇ ಇಲ್ಲ. ‘ಅಮ್ಮ ಬ್ರಿಟಿಷ್ ಅಲ್ವಾ ಮಾರಾಯ್ರೆ, ಹಾಗಾದ್ರೆ ನಾನೂ ಬ್ರಿಟಿಷೇ. ನಮ್ಮಲ್ಲಿ ಬಳಿ ಬರುವುದೇ ತಾಯಿಯಿಂದ’ ಎಂದಿದ್ದ, ಗೋದಾಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತ. ಬಳಿ ಎಂದರೆ ಗೋತ್ರದಂಥದು. ಅವನ ಕುಲದಲ್ಲಿ ಅದು ತಾಯಿಯಿಂದ ಮಕ್ಕಳಿಗೆ, ಯಾರೂ ಕೇಳದೆಯೇ, ಹುಟ್ಟಿದ ಮಾತ್ರಕ್ಕೆ ಇಳಿದು ಬರುತ್ತದೆ. ಪೌರತ್ವವೂ ಹಾಗೆಯೇ ಎಂದು ಇಡೀ ಮನೆ ನಂಬಿತ್ತು. ಯಾರೋ ಏಜೆಂಟನೂ ಹೌದೆಂದು ತಲೆಯಾಡಿಸಿದ್ದ. ಆ ನಂಬಿಕೆಯ ಮೇಲೆ ಹುಡುಗ ಇಲ್ಲಿನ ಪಿಆರ್, ಅಂದರೆ ಕಾಯಂ ನೆಲೆಸುವ ಹಕ್ಕಿನ ಪ್ರಯತ್ನವನ್ನು ಕೈಬಿಟ್ಟು, ಕೆಲಸಕ್ಕೂ ರಾಜೀನಾಮೆ ಕೊಟ್ಟಿದ್ದ. ಪಾಸ್‌ಪೋರ್ಟು ಬರುವ ತನಕ ಇರಲಿ ಎಂದು ಲೆಸ್ಟರಿಗೆ ಹೋಗಿಬರುವ ವೀಸಾ ಕೇಳಿದ; ಇಲ್ಲಿ ಕೆಲಸವಿಲ್ಲ, ಪರ್ಮಿಟ್ಟು ಮುಗಿಯುತ್ತ ಬಂದಿದೆ, ಹೋದವನು ಮರಳುವ ಖಾತ್ರಿಯಿಲ್ಲ ಎಂದು ಅದು ತಿರಸ್ಕೃತವಾಯಿತು.

ಆ ಶನಿವಾರ ಮೇಡಂ ಎಂದಿನಂತೆ ಕೇಳಿದರು. ತಾಯಿ ಲೆಸ್ಟರಿನಲ್ಲೇ ಬೆಳೆದದ್ದು ಎಂದ ಹುಡುಗ.

‘ಬೆಳೆದದ್ದು ಕೇಳಲಿಲ್ಲಪ್ಪ. ಹುಟ್ಟಿದ್ದು?’

‘ಉಡುಪಿಯಲ್ಲಿ.’

ಮೇಡಂ ಪೆನ್ನು ಕೆಳಗಿಟ್ಟರು. ಅವರು ಪೆನ್ನು ಕೆಳಗಿಡುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಹುಡುಗನಿಗೆ ಗೊತ್ತಿರಲಿಲ್ಲ, ಅವನಿನ್ನೂ ನಗುಮುಖದಲ್ಲೇ ಇದ್ದ.

ಅವರಿಂದ ನಾನು ಕಲಿತ ಹಾಗೆ ಕನ್ನಡದಲ್ಲೇ ಹೇಳುತ್ತೇನೆ. ಬ್ರಿಟಿಷ್ ಪೌರತ್ವ ದೇಶದ ಹೊರಗೆ ಹುಟ್ಟಿದ ಒಂದು ತಲೆಮಾರಿಗೆ ತಾನಾಗಿ ಇಳಿಯುತ್ತದೆ, ಎರಡನೆಯದಕ್ಕೆ ಇಳಿಯುವುದಿಲ್ಲ. ಅಮಿತಾ ಹುಟ್ಟುವ ಮೊದಲೇ ಅವರ ತಂದೆ ಅಲ್ಲಿನ ಪ್ರಜೆಯಾಗಿದ್ದರು. ಹಾಗಾಗಿ ಮಗಳಿಗೆ ಬಂತು. ಆ ಮಗಳು ಹೊರಗೆ ಹುಟ್ಟಿದ್ದರಿಂದ, ಹೊರಗೇ ಹುಟ್ಟಿದ ಮೊಮ್ಮಗನ ಹೊತ್ತಿಗೆ ನಿಂತುಹೋಯಿತು. ಅಮಿತಾ ಲೆಸ್ಟರಿನಲ್ಲಿ ಹುಟ್ಟಿದ್ದರೆ ಧೀರಜ ಹುಟ್ಟುತ್ತಲೇ ಬ್ರಿಟಿಷ್. ಇನ್ನೊಂದು ಬಾಗಿಲೂ ಇತ್ತು. ತಾಯಿ ಅಲ್ಲಿ ಮೂರು ವರ್ಷ ವಾಸವಿದ್ದರೆ ಮಗುವಿಗೆ ಹದಿನೆಂಟು ತುಂಬುವುದರೊಳಗೆ ಅರ್ಜಿ ಹಾಕಿ ಪಡೆಯಬಹುದಿತ್ತು. ಅಮಿತಾ ಮೂರಲ್ಲ, ಬಾಲ್ಯವನ್ನೆಲ್ಲ ಅಲ್ಲಿ ಕಳೆದವರು. ಆದರೆ ಧೀರಜನಿಗೆ ಆಗಲೇ ಇಪ್ಪತ್ತೈದು. ಆಗ ಅರ್ಜಿ ಹಾಕಿದ್ದಿರಾ ಎಂದು ಆಸ್ಪತ್ರೆಗೆ ಫೋನು ಮಾಡಿ ಕೇಳಿದಾಗ ಅಮಿತಾ ಬಳಲಿದ ದನಿಯಲ್ಲಿ ಹೇಳಿದ್ದು ಇಷ್ಟೇ: ‘ಅವನು ನನ್ನ ಮಗ ಅಲ್ವಾ ಮೇಡಂ. ಅದಕ್ಕೂ ಅರ್ಜಿ ಹಾಕ್ಲಿಕ್ಕುಂಟು ಅಂತ ಎಣಿಸಲಿಲ್ಲ.’

ಮೇಡಂ ಸುಮ್ಮನಾಗಲಿಲ್ಲ. ವಯಸ್ಕರಿಗೂ ವಿಶೇಷ ಸಂದರ್ಭದಲ್ಲಿ ಅವಕಾಶವಿದೆಯೆಂದು ಇಂಗ್ಲೆಂಡಿನ ವಕೀಲರೊಬ್ಬರನ್ನು ಹಿಡಿದು ಬೇಡಿಕೊಂಡರು. ನಿಯಮ ಗೊತ್ತಿರಲಿಲ್ಲವೆಂಬುದು ವಿಶೇಷ ಸಂದರ್ಭವಾಗುವುದಿಲ್ಲ ಎಂದರು ಆತ. ಹೊಸದಾಗಿ ವೀಸಾ ಕೇಳಿಸಿದರು, ಡಾಕ್ಟರರಿಂದ ಪತ್ರ ತರಿಸಿದರು. ಮತ್ತೆ ಇಲ್ಲ ಎಂದೇ ಬಂತು. ಅಷ್ಟು ಹೊತ್ತಿಗೆ ಹುಡುಗ ನಗುವುದನ್ನು ಬಿಟ್ಟಿದ್ದ.

ಡಿಸೆಂಬರಿನಲ್ಲಿ ಒಂದು ಶನಿವಾರ ಕೊರಪ್ಪೊಳು ಅವರೇ ಲೆಸ್ಟರಿನಿಂದ ಫೋನು ಮಾಡಿದರು. ಮೇಲೆ ದೇವರಿಗೆ ಮಂಗಳಾರತಿ ನಡೆಯುತ್ತಿತ್ತು, ಗಂಟೆಯ ಸದ್ದಿಗೆ ಮೇಡಂ ಸ್ಪೀಕರ್ ಹಾಕಿ ಬಾಗಿ ಕುಳಿತರು. ಧೀರಜ ಅಲ್ಲಿರಲಿಲ್ಲ, ಇಲ್ಲವೆಂದು ಖಚಿತ ಮಾಡಿಕೊಂಡೇ ಅಜ್ಜಿ ಮಾತು ತೆಗೆದರು.

‘ಒಂದು ಕೇಳ್ತೇನೆ ಪದ್ಮಾ, ಸತ್ಯ ಹೇಳಬೇಕು. ನಾನು ಇವಳನ್ನು ಇಲ್ಲೇ ಹೆತ್ತಿದ್ದರೆ ಹುಡುಗನಿಗೆ ಸಿಗ್ತಿತ್ತಾ?’

ಗಂಟೆ ನಿಂತಿತು. ಇಲ್ಲ ಎನ್ನಿ ಎಂದು ನಾನು ಕೈಸನ್ನೆ ಮಾಡಿದೆ. ಮೇಡಂ ನನ್ನ ಕಡೆ ನೋಡಲಿಲ್ಲ.

‘ಸಿಗ್ತಿತ್ತು, ಕೊರಪ್ಪೊಳಕ್ಕ.’

ಅಜ್ಜಿ ಆ ದಿನಗಳ ಲೆಕ್ಕ ಒಪ್ಪಿಸತೊಡಗಿದರು.

‘ಒಂದೇ ಕೋಣೆ ನಮಗೆ. ಇವರಿಗೆ ಮಿಲ್ಲಿನಲ್ಲಿ ರಾತ್ರಿ ಪಾಳಿ. ಬಾಣಂತಿಗೆ ನೀರು ಹಾಕ್ಲಿಕ್ಕೆ ಇಲ್ಲಿ ಯಾರಿದ್ರು? ಚೊಚ್ಚಲಿಗೆ ಅಮ್ಮನ ಹತ್ರ ಹೋಗದೆ ಮತ್ತೆ ಎಲ್ಲಿಗೆ ಹೋಗುವುದು?’

‘ಹೋಗಿದ್ದು ಸರಿ, ಅಕ್ಕ. ನಾನಾಗಿದ್ರೂ ಹೋಗ್ತಿದ್ದೆ.’

ಅಂದು ಅಜ್ಜಿ ತನ್ನ ಅಮ್ಮನ ಬಳಿಗೆ ಹೋದದ್ದಕ್ಕೇ ಇಂದು ಮೊಮ್ಮಗ ಅವನ ಅಮ್ಮನ ಬಳಿಗೆ ಹೋಗಲಾರ. ಇದನ್ನು ಹೊತ್ತುಕೊಂಡು ಆ ಮುದುಕಿ ಹೇಗೆ ಮಲಗಬೇಕು ಎಂದು ನನಗೆ ಸಿಟ್ಟೇ ಬಂತು. ‘ಒಂದ ಸುಳ್ಳ ಹೇಳಿದ್ರ ಏನ್ ಹೋಗ್ತಿತ್ರಿ ಮೇಡಂ’ ಎಂದುಬಿಟ್ಟೆ. ಮೇಡಂ ಕನ್ನಡಕ ಒರೆಸಿಕೊಂಡರು. ‘ಅವರು ಗೊತ್ತಿದ್ದೇ ಕೇಳಿದ್ದು ನಿಜಗುಣ. ನಾನು ಸುಳ್ಳು ಹೇಳಿದ್ರೆ ಆ ನಿಜಾನ ಅವರೊಬ್ಬರೇ ಹೊರಬೇಕಾಗಿತ್ತು.’

ಅಮಿತಾ ಫೆಬ್ರವರಿಯಲ್ಲಿ ತೀರಿಕೊಂಡರು. ಲೆಸ್ಟರಿನ ಚಿತಾಗಾರದಲ್ಲಿ ನಡೆದುದನ್ನು ಧೀರಜ ಮೇಡಂ ಮನೆಯ ಅಡುಗೆಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡಿದ. ಬೆಂಕಿ ಕೊಡಲು ಅಲ್ಲಿ ಮಗನಿರಲಿಲ್ಲ. ಒಲೆಯ ಗುಂಡಿ ಒತ್ತಿದವರು ಎಪ್ಪತ್ತು ದಾಟಿದ ತಾಯಿ, ಕೊರಪ್ಪೊಳು. ಇಲ್ಲಿ ರಾಮಮೂರ್ತಿಯವರು ಹುಡುಗನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು. ಮೇಡಂ ಅವನಿಗೆ ಸ್ನಾನಕ್ಕೆ ನೀರು ಬಿಟ್ಟರು, ಅನ್ನ ಬಡಿಸಿದರು. ಅವನು ಉಣ್ಣಲಿಲ್ಲ. ಪರ್ಮಿಟ್ಟು ಮುಗಿದ ವಾರ ಅವನನ್ನು ಊರಿನ ವಿಮಾನ ಹತ್ತಿಸಿ ಬಂದೆವು.

ಅಂದಿನಿಂದ ಮೇಡಂ ತಮ್ಮ ಪದ್ಧತಿಯಲ್ಲಿ ಒಂದನ್ನು ಬದಲಿಸಿದರು. ಮೊದಲ ಪ್ರಶ್ನೆ ಅದೇ. ಆದರೆ ಅದಕ್ಕೂ ಮುಂಚೆ ಬಂದವರಿಗೆ ಒಂದು ಲೋಟ ನೀರು ಕೊಡುತ್ತಾರೆ. ತುಂಬಿದ ಬಸಿರಿ ಯಾರಾದರೂ ತವರಿಗೆ ಹೊರಟೆನೆಂದರೆ ಹೋಗಬೇಡಿ ಎನ್ನುವುದಿಲ್ಲ. ಹೋಗಿ, ನಿಯಮ ಕೇಳಿಕೊಂಡು ಹೋಗಿ ಎನ್ನುತ್ತಾರೆ.

ಈ ಸಂಪುಟಕ್ಕೆ ಹಿರಿಯರ ಹಾರೈಕೆಯೊಂದು ಇರಲೆಂದು ಕಳೆದ ತಿಂಗಳು ಕೊರಪ್ಪೊಳು ಅವರಿಗೆ ಫೋನು ಮಾಡಿದೆ. ಮೇಡಂ ನೂರು ವರ್ಷ ಬಾಳಲಿ ಎಂದು ಹರಸಿ ಎಂದೆ. ‘ನೂರು ವರ್ಷ ಅಂತ ನಾನು ಹೇಳುವುದಿಲ್ಲ ಮಾರಾಯ್ರೆ’ ಎಂದರು. ‘ಮಗಳು ಹೋದ ಮೇಲೆ ಬದುಕುವುದು ಎಂತದು ಅಂತ ನನಗೆ ಗೊತ್ತುಂಟು. ಅವರ ಮಕ್ಕಳಿಗಿಂತ ಮೊದಲು ಅವರು ಹೋಗಲಿ. ಹೋಗುವಾಗ ಮಕ್ಕಳು ಹತ್ರ ಇರಲಿ. ಹಾಗೆ ಬರೆಯಿರಿ.’

ಬರೆದಿದ್ದೇನೆ. ಪದ್ಮಾ ಮೇಡಂ, ತಮಗೆ ಅಷ್ಟು ಆಯುಷ್ಯ ಇರಲಿ. ದೇವಸ್ಥಾನದ ಕೆಳಗಿನ ಹಾಲಿನಲ್ಲಿರುವ ಮೇಜನ್ನು ಯಾರೂ ತೆಗೆದಿಲ್ಲ, ಶನಿವಾರ ಕೇಳಿಕೊಂಡು ಬರುವವರು ನಿಂತಿಲ್ಲ. ನೀರಿನ ಲೋಟ ನಾನು ತುಂಬಿಸಿಡುತ್ತೇನೆ.