ಬಿಲ್ಕೀಸ್ ಕಂಡ ಕೂದಲೆಳೆ

ಬೆಳಗಿನ ಆರೂವರೆ. ಬಿಲ್ಕೀಸ್ ಆಗಲೇ ಮೂರು ಸಲ ಎದ್ದು ಮೂರು ಸಲ ಕೂತಿದ್ದಾರೆ. ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ, ಎರಡೂ ಪಕ್ಕ ವಿದ್ಯಾರ್ಥಿಗಳು ತುಂಬಿದ ಸಾಲುಮನೆಯೊಂದರ ಅಡುಗೆಮನೆ ಇದು. ಉತ್ತರದ ಕಿಟಕಿಯ ಕೆಳಗೆ ಗಿಡ್ಡ ಮಣೆ, ಬಕೆಟ್ ನೀರು, ಓರೆಯಾಗಿ ಕೂರಿಸಿದ ಸಾಣೆಕಲ್ಲು. ಕಲ್ಲು ಅಲುಗದಂತೆ ಬಲಗಾಲಿನಿಂದ ಅದುಮಿ, ಬಟ್ಟೆ ಸುತ್ತಿದ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ನಾಲ್ಕು ಸಲ ಉಜ್ಜುತ್ತಾರೆ. ತೊಳೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಮುಖ ಸಿಂಡರಿಸಿ ಮತ್ತೆ ಏಳುತ್ತಾರೆ. ನನಗೆ ಕೊಟ್ಟ ಚಹಾ ಮುಗಿದಿದೆ. ಅವರದ್ದು ಒಲೆಯ ಪಕ್ಕದಲ್ಲಿ ಕೆನೆ ಕಟ್ಟಿ ಕೂತಿದೆ.

ಕತ್ತಿ ಹೊಸದು, ಜಪಾನಿ ಮಾದರಿಯದು. ಅದನ್ನು ಬಡಿದವರು ಶ್ರೀಕಾಂತ್, ಮೈಸೂರಿನ ಎಂಜಿನಿಯರ್. ಸೊಲಿಹಲ್‌ನಾಚೆ ಒಂದು ತೋಟದ ಶೆಡ್ಡಿನಲ್ಲಿ ಕುಲುಮೆ ಹಾಕಿಕೊಂಡು ಹದಿನಾಲ್ಕು ತಿಂಗಳು ಇದರ ಹಿಂದೆ ಬಿದ್ದವರು. ಶನಿವಾರ ಲೀಡ್ಸ್‌ನಲ್ಲಿ ಕತ್ತಿ ಪ್ರಿಯರ ಕೂಟವಿದೆ. ಶ್ರೀಕಾಂತ್ ಎರಡು ಬೇಸಿಗೆ ಯಾರ ಕುಲುಮೆಯಲ್ಲಿ ಕಲಿತರೋ ಆ ಜಪಾನಿನ ಗುರು ಅಲ್ಲಿಗೆ ಬರುತ್ತಾರೆ, ಶಿಷ್ಯನ ಕತ್ತಿಯನ್ನು ಮೊದಲ ಸಲ ಕೈಗೆತ್ತಿಕೊಳ್ಳುತ್ತಾರೆ. ಇವತ್ತು ಮಂಗಳವಾರ. ಕತ್ತಿ ಒಯ್ಯಲು ಶ್ರೀಕಾಂತ್ ಎಂಟಕ್ಕೆ ಬರುತ್ತಾರೆ. ಕಳೆದ ಗುರುವಾರ ಬಿಲ್ಕೀಸ್‌ಗೆ ಆ ಕತ್ತಿಯ ಅಂಚಿನಲ್ಲಿ ಒಂದು ಬಿರುಕು ಸಿಕ್ಕಿದೆ, ಅದು ಶ್ರೀಕಾಂತ್‌ಗೆ ಗೊತ್ತಿಲ್ಲ.

"ಐದು ದಿನದಿಂದ ಫೋನ್ ತಗೋತೀನಿ, ಇಡ್ತೀನಿ. ಇದು ಫೋನಲ್ಲಿ ಹೇಳೋ ಮಾತಲ್ಲ," ಎನ್ನುತ್ತಾರೆ ಬಿಲ್ಕೀಸ್. ಹೇಳುತ್ತಲೇ ಎದ್ದು ಕಿಟಕಿಯ ಹೊರಗೆ ನೋಡಿ, ಕಸದ ಬಿನ್ ತುಂಬಿ ಚೆಲ್ಲಿದ ಪಕ್ಕದ ಮನೆಯ ಹುಡುಗರನ್ನು ಎರಡು ಮಾತು ಬೈದು ಬರುತ್ತಾರೆ.

ನಾನು ಬಂದದ್ದು ಇದಕ್ಕಲ್ಲ. ಭಾನುವಾರದ ಪುರವಣಿಗೆ ಒಂದು ಸಂತೋಷದ ಲೇಖನ ಬರೆಯೋಣವೆಂದು ಬಂದವಳು. ಬಂದ ಮೇಲೆ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಕುಲುಮೆಯಿಂದ ಬರುವ ಕತ್ತಿ ನೋಡಲು ಕರೀ ಕಬ್ಬಿಣದ ಪಟ್ಟಿ, ಅಷ್ಟೇ. ಅದರ ಮೈಯ ನೇಯ್ಗೆ, ಅಂಚಿನುದ್ದಕ್ಕೂ ಓಡುವ ಮಂಜಿನಂಥ ಬಿಳಿ ಗೆರೆ, ನಾವು ಬಾಯಿ ಬಿಟ್ಟು ನೋಡುವ ಎಲ್ಲವೂ ಕಣ್ಣಿಗೆ ಬೀಳುವುದು ಸಾಣೆ ಹಿಡಿದವರ ಕೈಯಿಂದ. ಆದರೆ ಹಿಡಿಯೊಳಗೆ ಹುದುಗುವ ತುದಿಯಲ್ಲಿ ಕೊರೆಯುವ ಹೆಸರು ಬಡಿದವರದ್ದು ಮಾತ್ರ. ಪ್ರದರ್ಶನದ ಚೀಟಿಯಲ್ಲೂ ಅವರದ್ದೇ. ನನಗೆ ಇದು ಅನ್ಯಾಯವೆಂದೇ ಅನಿಸುತ್ತದೆ. ಹಾಗೆಂದರೆ ಬಿಲ್ಕೀಸ್ ನಕ್ಕು ಬಿಟ್ಟರು.

ಅವರ ವಯಸ್ಸು ಐವತ್ತೊಂದು. ಭದ್ರಾವತಿಯಲ್ಲಿ ಲೋಹಶಾಸ್ತ್ರದ ಡಿಪ್ಲೊಮಾ ಓದುವಾಗ ಇಡೀ ತರಗತಿಗೆ ಒಬ್ಬಳೇ ಹುಡುಗಿ. ಮದುವೆಯಾಗಿ ಗಂಡ ಇನಾಯತ್ ಜೊತೆ ಇಲ್ಲಿಗೆ ಬಂದ ಮೇಲೆ, ವಾಹನದ ಬಿಡಿಭಾಗ ಮಾಡುವ ಕಂಪನಿಯೊಂದರ ಲ್ಯಾಬಿನಲ್ಲಿ ಹದಿನೇಳು ವರ್ಷ ದುಡಿದರು. ಮುರಿದ ಗೇರು, ಸೀಳಿದ ಬೋಲ್ಟುಗಳ ತುಂಡನ್ನು ಕನ್ನಡಿಯಾಗುವಷ್ಟು ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟು, ದೋಷ ಎಲ್ಲಿದೆಯೆಂದು ಹುಡುಕುವುದು ಕೆಲಸ. ಶ್ರೀಕಾಂತ್ ಅಲ್ಲಿ ಸೀನಿಯರ್ ಎಂಜಿನಿಯರ್. ಬಿಲ್ಕೀಸ್ ಉಜ್ಜಿದ ತುಂಡಿನಲ್ಲಿ ಒಂದು ಗೀರೂ ಇರುವುದಿಲ್ಲ ಎಂದು ಗಮನಿಸಿದವರು ಅವರೇ. ಲ್ಯಾಬ್ ಮುಚ್ಚಿದಾಗ ಇಬ್ಬರೂ ಹೊರಬಿದ್ದರು. ಶ್ರೀಕಾಂತ್ ಕುಲುಮೆ ಹಾಕಿದರು; ಬಿಲ್ಕೀಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆ ತೊಳೆದು ಪರೀಕ್ಷಿಸುವ ಪಾಳಿಗೆ ಸೇರಿದರು. ಶ್ರೀಕಾಂತ್ ತಂದುಕೊಡುವ ಕತ್ತಿಗಳ ಸಾಣೆ ಕೆಲಸ ಪಾಳಿಗೆ ಮುಂಚೆ, ಮುಂಜಾನೆಯ ಫಜ್ರ್ ನಮಾಜು ಮುಗಿಸಿ.

ಒಂದು ಕತ್ತಿಗೆ ಹನ್ನೊಂದು ಬಗೆಯ ಕಲ್ಲು, ಹತ್ತು ವಾರ, ದಿನಕ್ಕೆ ಎರಡು ಗಂಟೆ. ಬೆಳಿಗ್ಗೆಗೆ ಆರು ಬಕೆಟ್ ನೀರು, ಚಳಿಗಾಲದಲ್ಲೂ ತಣ್ಣೀರೇ. ಬೆರಳುಗಳ ಚರ್ಮ ಜನವರಿಯಲ್ಲಿ ಸೀಳುತ್ತದೆ. ಎಡಮಂಡಿಗೆ ಜಿಪಿ ಡಾಕ್ಟರು ವ್ಯಾಯಾಮ ಹೇಳಿದ್ದಾರೆ, ಮಾಡುವುದಿಲ್ಲ.

"ಲ್ಯಾಬಲ್ಲಿ ಬಿರುಕು ಸಿಕ್ಕಿದ್ರೆ ಶಾಬಾಶ್ ಅಂತಿದ್ರು. ಇಲ್ಲಿ ಸಿಕ್ಕಿದ್ರೆ ಮನೇಲಿ ಮೌತ್, ಸಾವು ಆದಂಗೆ," ಎನ್ನುತ್ತಾ ನನ್ನನ್ನು ಕಿಟಕಿಯ ಹತ್ತಿರ ಕರೆಯುತ್ತಾರೆ. ಕತ್ತಿಯನ್ನು ಓರೆ ಮಾಡುತ್ತಾರೆ. ನನಗೆ ಏನೂ ಕಾಣುವುದಿಲ್ಲ. ಭೂತಗನ್ನಡಿ ಕೊಡುತ್ತಾರೆ. ಅಂಚಿನಿಂದ ಮೇಲಕ್ಕೆ, ಒಂದು ಅಕ್ಕಿಕಾಳಿಗಿಂತ ಗಿಡ್ಡದಾಗಿ, ಕೂದಲಿನಂಥ ಕಪ್ಪು ಗೆರೆ. ಕಾದ ಕತ್ತಿಯನ್ನು ನೀರಿಗದ್ದಿದ ಕ್ಷಣ ಬಿಟ್ಟದ್ದು. ಎಷ್ಟು ಒರೆಸಿದರೂ ಒಳಗಿನ ತೇವ ಹೊರಬಂದು ಮರುದಿನ ಅಲ್ಲೇ ತುಕ್ಕಿನ ಚುಕ್ಕೆ. ಇಷ್ಟೇ ಸಾಕು, ಕತ್ತಿ ಬಲ್ಲವರ ಲೆಕ್ಕದಲ್ಲಿ ಇದು ಸತ್ತ ಕತ್ತಿ.

ಇನ್ನೂ ಒಂದು ಹಂತ ಬಾಕಿಯಿದೆ. ಹೆಬ್ಬೆಟ್ಟಿನಡಿ ಬಿಲ್ಲೆಯಷ್ಟು ತೆಳುಗಲ್ಲಿಟ್ಟು ಅಂಚನ್ನು ಹಾಲಿನಂತೆ ಬೆಳ್ಳಗೆ ಮಾಡುವುದು. ಅದನ್ನು ಮಾಡಿದರೆ ಗೆರೆ ಆ ಬಿಳುಪಿನಲ್ಲಿ ಮುಚ್ಚಿಹೋಗುತ್ತದೆ. ಬಿಲ್ಕೀಸ್ ಗುರುವಾರದಿಂದ ಆ ಕಲ್ಲನ್ನು ಡಬ್ಬಿಯಿಂದ ತೆಗೆದು, ಮತ್ತೆ ಡಬ್ಬಿಗೆ ಹಾಕಿ, ಹೀಗೇ ಐದು ಬೆಳಗು ಕಳೆದಿದ್ದಾರೆ.

ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ಬೆಲ್. ಶ್ರೀಕಾಂತ್ ಒಳಗೆ ಬಂದವರೇ ಲೀಡ್ಸ್ ರಸ್ತೆ, ಹೋಟೆಲು, ಗುರುವಿಗೆ ಕೊಡುವ ಉಡುಗೊರೆ ಎಂದು ಮಾತಾಡುತ್ತಲೇ ಇದ್ದಾರೆ. ಬಿಲ್ಕೀಸ್ ಕೂರಿ ಎನ್ನಲಿಲ್ಲ. ಕತ್ತಿಯನ್ನೂ ಭೂತಗನ್ನಡಿಯನ್ನೂ ಕೈಗಿತ್ತು, ಜಾಗ ತೋರಿಸಿದರು. ಶ್ರೀಕಾಂತ್ ನೋಡಿದರು, ಕನ್ನಡಕ ತೆಗೆದು ನೋಡಿದರು, ಕಿಟಕಿಯಿಂದ ಬಾಗಿಲಿಗೆ ಬಂದು ನೋಡಿದರು. ಇದು ಕಲ್ಲಿನ ಗೀರು ಇರಬಹುದಲ್ಲ ಎಂದರು. ಅಲ್ಲ ಎಂದರು ಬಿಲ್ಕೀಸ್. ಗುರುವಿಗೆ ಎಪ್ಪತ್ತೆಂಟು, ಅವರು ಹಿಡಿಯುವುದು ಒಂದೆರಡು ನಿಮಿಷ, ಬಿಳುಪು ಕೊಟ್ಟುಬಿಡಿ, ಆಮೇಲೆ ನೋಡೋಣ ಎಂದರು ಶ್ರೀಕಾಂತ್.

"ಆ ಕಲ್ಲು ನಾನು ಮುಟ್ಟಲ್ಲ ಸರ್. ಬೇಕಿದ್ರೆ ನೀವೇ ಮಾಡ್ಕೊಳ್ಳಿ, ಡಬ್ಬಿ ಅಲ್ಲಿದೆ."

"ಹೆಸರು ನನ್ನದು ಬಿಲ್ಕೀಸ್," ಎಂದರು ಶ್ರೀಕಾಂತ್, ಸ್ವಲ್ಪ ಗಡುಸಾಗಿ. "ಹೋದ್ರೆ ನನ್ನ ಹೆಸರು ಹೋಗತ್ತೆ. ನಿಮ್ಮದೇನಿದೆ ಇದ್ರಲ್ಲಿ?"

ಬಿಲ್ಕೀಸ್ ಕೈ ಒರೆಸಿಕೊಂಡರು. "ಹೆಸರು ನಿಮ್ಮದು ಸರ್. ನೋಡಿದ ಕಣ್ಣು ನಂದು. ಅದನ್ನ ಎಲ್ಲಿ ಬಚ್ಚಿಡ್ಲಿ?"

ಹದಿನಾಲ್ಕು ತಿಂಗಳು ಒಬ್ಬರದ್ದು, ಹತ್ತು ವಾರ ಇನ್ನೊಬ್ಬರದ್ದು. ಶ್ರೀಕಾಂತ್ ಹಿತ್ತಿಲಿಗೆ ಹೋಗಿ ಬೇಲಿಯ ಉದ್ದಕ್ಕೂ ಅತ್ತಿಂದಿತ್ತ ನಡೆದರು. ಬೇಲಿಯಾಚೆ ಎರಡು ರೈಲು ಹೋದವು. ಬಿಲ್ಕೀಸ್ ಕತ್ತಿಗೆ ಎಣ್ಣೆ ಸವರುತ್ತಿದ್ದರು.

ಒಳಗೆ ಬಂದಾಗ ಶ್ರೀಕಾಂತರ ದನಿ ಇಳಿದಿತ್ತು. ಸಿಟ್ಟಿನಲ್ಲಿ ಅಂದದ್ದಕ್ಕೆ ಕ್ಷಮೆ ಕೇಳಿದರು. ಬಿಳುಪು ಬೇಡ, ಇದ್ದ ಹಾಗೇ ಒಯ್ಯುತ್ತೇನೆ, ಎಲ್ಲಿ ತಪ್ಪಿತೆಂದು ಗುರುವನ್ನೇ ಕೇಳುತ್ತೇನೆ ಎಂದರು. ಬಾಗಿಲವರೆಗೆ ಹೋಗಿ ತಿರುಗಿದರು. ಅದನ್ನು ಬೆಳಕಿಗೆ ಹೇಗೆ ಹಿಡಿಯಬೇಕೆಂದು ತನಗೆ ಗೊತ್ತಿಲ್ಲ, ಶನಿವಾರ ನೀವೂ ಲೀಡ್ಸ್‌ಗೆ ಬರಬೇಕು, ನೀವೇ ತೋರಿಸಬೇಕು ಎಂದರು.

ಕಾರು ಹೋದ ಮೇಲೆ ಬಿಲ್ಕೀಸ್ ಮೊದಲ ಸಲ ಕುರ್ಚಿಯ ಮೇಲೆ ಕೂತರು. ಹೋಗುತ್ತೀರಾ ಎಂದು ಕೇಳಿದೆ.

"ನನ್ನ ಕೈಯಿಂದ ಇದಕ್ಕೆ ಮುಂಚೆ ಒಂಬತ್ತು ಕತ್ತಿ ಹೋಗಿವೆ. ಒಂದೂ ಕೂದಲಷ್ಟು ಕೆಟ್ಟಿರಲಿಲ್ಲ. ಅದರಲ್ಲಿ ಒಂದನ್ನಾದ್ರೂ ಜನ ನೋಡೋವಾಗ ಪಕ್ಕದಲ್ಲಿ ನಿಲ್ಬೇಕು ಅಂತ ನಂಗೆ ಆಸೆ ಇತ್ತು. ಯಾರೂ ಕರೀಲಿಲ್ಲ," ಎಂದರು. "ಈಗ ಒಡೆದಿರೋದನ್ನ ತೋರಿಸೋಕೆ ಕರೀತಿದ್ದಾರೆ. ಹೋಗ್ತೀನಿ."