ಲಾರಿ ನಾಯಿಯ ರಕ್ತ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ನಮ್ಮ ನಾಯಿ ಬೆಣ್ಣೆ ನೀರಿನ ಬಟ್ಟಲಿನವರೆಗೆ ನಡೆದು ಹೋದ. ಬಟ್ಟಲಿಗೆ ಬಾಯಿ ಹಾಕುವ ಮೊದಲೇ ಮುಂಗಾಲು ಮಡಚಿ ಕುಸಿದು ಬಿದ್ದ. ವೇಳೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗ ನಾನು ಸ್ಟೂಲಿನ ಮೇಲೆ ನಿಂತು ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕಿ ಮುಳ್ಳು ತಿರುಗಿಸುತ್ತಿದ್ದೆ. ಅಂದಿನಿಂದ ಇಪ್ಪತ್ಮೂರು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಪೂರ್ತಿ ನಿದ್ದೆ ಮಾಡಲಿಲ್ಲ.

ಮುಂದೆ ಹೇಳುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ರಸಾಯನಶಾಸ್ತ್ರ ಓದಿದವಳು. ಹಂಪಿಯ ಬಂಡೆಗಳ ನಡುವೆ ಗೆಜ್ಜೆ ಸದ್ದು ಕೇಳಿತು ಎಂದು ಯಾರಾದರೂ ಹೇಳಿದರೆ, ಆಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಕೇಳುವವಳು. ನೀವೂ ನನ್ನಂಥವರೇ ಆಗಿದ್ದರೆ ಇದನ್ನು ಓದಿ ನಗುತ್ತೀರಿ. ನಗಿರಿ, ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹೊಸಪೇಟೆಯಲ್ಲಿ ನಮ್ಮದು ಮೂವರ ಸಂಸಾರ. ನಾನು, ನಮ್ಮ ಮನೆಯವರು, ನಮ್ಮ ಅತ್ತೆ. ಮನೆಯವರಿಗೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ನಾಲ್ಕನೆಯವನು ಬೆಣ್ಣೆ. ಹೆಸರಿಗೆ ತಕ್ಕ ಬಣ್ಣ, ಹೆಸರಿಗೆ ತಕ್ಕ ಗುಂಡಿಗೆ. ಬೀದಿಯ ತುದಿಯಲ್ಲಿ ಲಾರಿ ಹಾರ್ನ್ ಹೊಡೆದರೆ ಅತ್ತೆಯ ಮಂಚದ ಕೆಳಗೆ ನುಗ್ಗಿ, ಅರ್ಧ ಗಂಟೆ ಬಾಲವನ್ನೂ ಹೊರಗೆ ಹಾಕುತ್ತಿರಲಿಲ್ಲ. ಅತ್ತೆ ದಿನಾ ಪೂಜೆ ಮುಗಿಸಿ ಅವನ ಹಣೆಗೂ ವಿಭೂತಿ ಹಚ್ಚುತ್ತಿದ್ದರು. ಊಟ ಜೋಳದ ರೊಟ್ಟಿ, ಹಾಲು, ಮೊಸರನ್ನ. ತತ್ತಿಯ ವಾಸನೆಯನ್ನೂ ಅವನು ಕಂಡವನಲ್ಲ.

ಅವನು ಬಿದ್ದಾಗ ತುಟಿ ಎತ್ತಿ ನೋಡಿದೆ. ವಸಡು ಕಾಗದದಂತೆ ಬಿಳಿಚಿಕೊಂಡಿತ್ತು. ಆಟೋದಲ್ಲಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಹೊರಟರೆ ರೈಲ್ವೆ ಗೇಟು ಬಿದ್ದಿತ್ತು. ಅದಿರು ತುಂಬಿದ ಗೂಡ್ಸ್ ಗಾಡಿ. ಡಬ್ಬಿ ಎಣಿಸುತ್ತಾ ಕೂತೆ, ಒಂದು ಡಬ್ಬಿಗೆ ಅವನ ಉಸಿರು ಒಂದು. ಮೂವತ್ತರ ನಂತರ ಡಬ್ಬಿ ಬರುತ್ತಲೇ ಇದ್ದವು, ಉಸಿರು ತಪ್ಪತೊಡಗಿತು. ಇವತ್ತಿಗೂ ಗೇಟು ಬಿದ್ದಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ಅವನನ್ನು ತಡವುತ್ತದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪರೀಕ್ಷೆ ಮಾಡಿ, ಉಣ್ಣಿಯಿಂದ ಬರುವ ಜ್ವರ, ರಕ್ತ ಪೂರ್ತಿ ಇಳಿದುಹೋಗಿದೆ, ಕೂಡಲೇ ಬೇರೆ ನಾಯಿಯ ರಕ್ತ ಹಾಕಬೇಕು ಎಂದರು. ನಾಯಿಯ ರಕ್ತವನ್ನು ಎಲ್ಲಿಂದ ತರುವುದು? ಅದೇ ಹೊತ್ತಿಗೆ ಬಾಗಿಲ ಹತ್ತಿರದ ಬೆಂಚಿನಲ್ಲಿ, ತಮ್ಮ ನಾಯಿಗೆ ವರ್ಷದ ಸೂಜಿ ಹಾಕಿಸಲು ಬಂದ ಮರಿಯಮ್ಮನಹಳ್ಳಿಯ ಲಾರಿ ಡ್ರೈವರ್ ಒಬ್ಬರು ಕೂತಿದ್ದರು. ಹನುಮಂತಪ್ಪ ಎಂದು ಹೆಸರು. ಅವರ ಕಾಲ ಬಳಿ ಕಂದು ಬಣ್ಣದ ದೊಡ್ಡ ನಾಯಿ. ಮೈಮೇಲೆ ಸಂಡೂರಿನ ಕೆಂಪು ಧೂಳು. ಕೇಳುವ ಮೊದಲೇ ಹನುಮಂತಪ್ಪ ಎದ್ದು ನಿಂತರು.

"ನಮ್ಮಂವಂದು ತಗೋರಿ ಡಾಕ್ಟರಮ್ಮ. ಬೇಕಾದಷ್ಟೈತಿ."

ನಾಯಿಯ ಹೆಸರು ಕ್ಲೀನರ್. "ಲಾರಿಗೆ ಕ್ಲೀನರ್ ಸಿಗಲಿಲ್ರಿ ಅಕ್ಕಾರ. ಪೋಸ್ಟ್ ಖಾಲಿ ಇತ್ತು, ಇವಗ ಕೊಟ್ಟೆ. ಪಗಾರ ಕೇಳಂಗಿಲ್ಲ, ಗುಟ್ಕಾ ತಿನ್ನಂಗಿಲ್ಲ."

ಎರಡೂ ನಾಯಿಗಳ ರಕ್ತದ ಹನಿಯನ್ನು ಗಾಜಿನ ಮೇಲೆ ಸೇರಿಸಿ ನೋಡಿದರು. ಹೊಂದಿತು. ಕ್ಲೀನರ್ ಮೇಜಿನ ಮೇಲೆ ಅಡ್ಡ ಮಲಗಿ, ಡ್ರೈವರ್ ಕಿವಿ ಸವರುತ್ತಿದ್ದರೆ ಕಣ್ಣು ಮುಚ್ಚಿ ಒಂದು ಚೀಲ ರಕ್ತ ಕೊಟ್ಟ. ಅಷ್ಟರಲ್ಲಿ ಇನ್ನೊಂದು ಆಟೋ ಹಿಡಿದು ಅತ್ತೆಯೂ ಬಂದರು. ವಿಷಯ ತಿಳಿದು ತಲೆಯ ಮೇಲೆ ಕೈ ಹೊತ್ತರು.

"ಅಯ್ಯ ಶಿವನೇ! ಮಟನ್ ತಿನ್ನೋ ಲಾರಿ ನಾಯಿ ರಕ್ತ ನನ್ನ ಕೂಸಿಗೆ! ನಾಳಿಗೆ ಇದು ಏನೇನ್ ಕೇಳತೈತೋ!"

"ಮೊದ್ಲು ಬದುಕಲಿ ಅಮ್ಮಾರ, ಆಮ್ಯಾಲ ಏನ್ ಬೇಕಾದ್ರೂ ಕೇಳ್ಲಿ," ಎಂದರು ಡಾಕ್ಟರು.

ನಾನು ಅತ್ತೆಗೆ ಸಮಾಧಾನ ಹೇಳಿದೆ. "ರಕ್ತ ಅಂದ್ರ ಬರೇ ಕಣ ರೀ ಅತ್ತಿ. ಅದರಾಗ ಬುದ್ಧಿ ಇರಂಗಿಲ್ಲ, ನೆನಪು ಇರಂಗಿಲ್ಲ." ಈ ಮಾತನ್ನು ಅತ್ತೆ ಇವತ್ತಿಗೂ ಬಂದವರ ಮುಂದೆಲ್ಲ ನನ್ನ ದನಿಯಲ್ಲೇ ಹೇಳಿ ತೋರಿಸುತ್ತಾರೆ.

ಬೆಣ್ಣೆ ಬದುಕಿದ. ಮೂರು ರಾತ್ರಿ ನಾವು ಸರದಿಯಲ್ಲಿ ಅವನ ಉಸಿರು ಕಾದೆವು. ನಾಲ್ಕನೆಯ ಬೆಳಗಿನ ಜಾವ ಎಚ್ಚರವಾದಾಗ ಅವನು ಹಾಸಿಗೆಯಲ್ಲಿ ಇರಲಿಲ್ಲ. ಮುಂಬಾಗಿಲ ಎದುರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಒಂದೇ ಸಲ ಬೊಗಳಿ ನಮ್ಮ ಕಡೆ ತಿರುಗಿ ನೋಡಿದ, ತಡವಾಯಿತು ಎನ್ನುವ ಹಾಗೆ. ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ.

ಮರುದಿನವೂ ನಾಲ್ಕು ಹತ್ತು. ಅದರ ಮರುದಿನವೂ. ಬಾಗಿಲು ತೆಗೆದರೆ ಗೇಟಿನವರೆಗೆ ಹೋಗಿ ಬೀದಿಯ ಎಡಕ್ಕೆ ನೋಡುತ್ತಾ ನಿಲ್ಲುವನು, ಹೊತ್ತು ಮೂಡುವವರೆಗೆ ಒಳಗೆ ಬರುತ್ತಿರಲಿಲ್ಲ. ಲಾರಿ ಹೋದರೆ ಮಂಚದ ಕೆಳಗೆ ಓಡುತ್ತಿದ್ದವನು ಈಗ ಬಾಲ ಅಲ್ಲಾಡಿಸುತ್ತಿದ್ದ. ಶಕ್ತಿಗೆಂದು ಡಾಕ್ಟರು ಬರೆದುಕೊಟ್ಟ ತತ್ತಿಯನ್ನು ನಮ್ಮ ಶುದ್ಧ ಶೈವ ಅತ್ತೆಯೇ ಸೆರಗಿನಲ್ಲಿ ಮುಚ್ಚಿ ತಂದು, ಹಿತ್ತಲಲ್ಲಿ ಬೇರೆ ಒಲೆ ಹೂಡಿ ಕುದಿಸಿ ಕೊಡುತ್ತಿದ್ದರು. ಬೆಣ್ಣೆ ಅದನ್ನು ಮೂಸಿ, ಮತ್ತೆ ಗೇಟಿಗೆ ಹೋಗುತ್ತಿದ್ದ.

ಇದರಲ್ಲಿ ನಗು ಬಹಳ ದಿನ ಉಳಿಯಲಿಲ್ಲ. ಮೂರನೆಯ ವಾರಕ್ಕೆ ಅವನ ಪಕ್ಕೆಲುಬು ಎಣಿಸುವಂತಾಯಿತು. ಡಾಕ್ಟರು ಗಂಭೀರವಾಗಿ ಹೇಳಿದರು: ಕೊಟ್ಟ ರಕ್ತದ ಕಣಗಳು ಕೆಲವು ವಾರಗಳಲ್ಲಿ ಸಾಯುತ್ತವೆ, ಅಷ್ಟರೊಳಗೆ ಇವನ ಮೈ ತಾನೇ ರಕ್ತ ಮಾಡಿಕೊಳ್ಳಬೇಕು. ನಿದ್ದೆ, ಊಟ ಎರಡೂ ಇಲ್ಲದಿದ್ದರೆ ಅದು ಆಗುವುದಿಲ್ಲ. ಎರಡನೆಯ ಸಲ ರಕ್ತ ಹಾಕುವುದು ಮೊದಲಿನಷ್ಟು ಸುಲಭವಲ್ಲ. ಆ ರಾತ್ರಿಯೆಲ್ಲ ನನ್ನ ತಲೆಯಲ್ಲಿ ಅದಿರಿನ ಡಬ್ಬಿಗಳು ಓಡಿದವು.

ಶನಿವಾರ ಹನುಮಂತಪ್ಪನವರಿಗೆ ಫೋನು ಮಾಡಿದೆ. ಬೇಕಾದರೆ ಕ್ಲೀನರ್ ಮತ್ತೆ ರಕ್ತ ಕೊಡಬಹುದೇ ಎಂದು ಕೇಳುವುದಷ್ಟೇ ನನ್ನ ಉದ್ದೇಶ. ಮಾತಿನ ನಡುವೆ ಬೆಣ್ಣೆಯ ನಾಲ್ಕು ಹತ್ತರ ಕಥೆ ಹೇಳಿದೆ. ಅವರು ವೇಳೆಯನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು.

"ಅಕ್ಕಾರ, ನಾ ದಿನಾ ನಾಲ್ಕು ಹತ್ತಕ್ಕ ಎದ್ದು ಗಾಡಿ ಚಾಲೂ ಮಾಡತೀನಿ. ಕ್ಲೀನರ್ ಬಾಗಲಕ ಕುಂತು ಒಂದು ಸಲ ಬೊಗಳತಾನ. ನನ್ನ ಎಬ್ಬಸೋದು ಅವನೇ."

ಅವರೇ ಮುಂದುವರಿಸಿದರು. "ನಾಳಿ ಖಾಲಿ ಗಾಡಿ ಸಂಡೂರಿಗೆ ಹೊಂಟೈತಿ. ಡ್ಯೂಟಿಗೆ ಕರಕೊಂಡು ಹೋಗೂಣ. ಆಸೆ ಇದ್ರ ತೀರಲಿ."

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಲಾರಿ ನಮ್ಮ ಗೇಟಿನ ಮುಂದೆ ನಿಂತಿತು. ಕ್ಲೀನರ್‌ಗೆ ಅಂದು ರಜೆ. ಹಿಂದಿನ ದಿನವಷ್ಟೇ ಲಾರಿ ತೊಳೆಸಿ, ಹೊಸ ರೆಕ್ಸಿನ್ ಸೀಟು ಹಾಕಿಸಿದ್ದರು. ಕ್ಯಾಬಿನ್ನಿನಲ್ಲಿ ಅದರದೇ ವಾಸನೆ. ಬಾಗಿಲು ತೆಗೆದದ್ದೇ ತಡ, ಮಂಚ ಹತ್ತಲೂ ಕುಂಯ್‌ಗುಡುತ್ತಿದ್ದ ಬೆಣ್ಣೆ ಎರಡು ಮೆಟ್ಟಿಲು ಹಾರಿ ಎಡಗಡೆಯ ಕಿಟಕಿ ಹಿಡಿದು ಕೂತ. ಅತ್ತೆ ಸೆರಗು ಸಿಕ್ಕಿಸಿದರು.

"ನಾನೂ ಬರತೀನಿ. ಸರಿರಿ, ಕೈ ಕೊಡ್ರಿ."

"ಎತ್ತರ ಐತ್ರಿ ಅತ್ತಿ, ಬ್ಯಾಡ."

"ಆ ರೊಟ್ಟಿ ತಿನ್ನೋ ನಾಯಿ ಹತ್ತೈತಿ, ನಾ ಹತ್ತಬಾರ್ದಾ?"

ಹಿಂದಿನಿಂದ ನಮ್ಮ ಮನೆಯವರು, ಮೇಲಿನಿಂದ ಹನುಮಂತಪ್ಪ. ಅತ್ತೆ ಮಂಡಕ್ಕಿಯ ಡಬ್ಬಿಯ ಸಮೇತ ಕ್ಯಾಬಿನ್ ಸೇರಿದರು. ಅವರ ಹಿಂದೆ ನಾನೂ ಹತ್ತಿದೆ. ಮನೆಯವರು ಕೆಳಗೇ ಉಳಿದರು. ಬೀದಿಯವರೆಲ್ಲ ನಿಂತು ಕೈ ಬೀಸಿದರು.

ಸಂಡೂರಿನ ಘಾಟಿ ರಸ್ತೆ ಶುರುವಾಗುವವರೆಗೆ ಬೆಣ್ಣೆ ಸುಮ್ಮನೆ ಗಾಳಿ ಕುಡಿಯುತ್ತಿದ್ದ. ಒಂದು ತಿರುವು ಇನ್ನೂ ದೂರವಿರುವಾಗಲೇ ಎದ್ದು, ಮುಂಗಾಲುಗಳನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಎಣಿಸಿದಂತೆ ಮೂರು ಸಲ ಬೊಗಳಿದ. ಹನುಮಂತಪ್ಪ ಲಾರಿಯನ್ನು ಬದಿಗೆ ನಿಲ್ಲಿಸಿದರು. ಮುಂದಿನ ತಿರುವಿನ ಕಡೆ ಕೈ ತೋರಿಸಿದರು.

"ತಿರುವಿನ ಆಚಿಗೆ ಬೇವಿನ ಗಿಡದ ಬುಡಕ ಅಮ್ಮನ ಕಟ್ಟಿ ಐತ್ರಿ. ಇಲ್ಲಿಂದ ಕಾಣಂಗಿಲ್ಲ. ಕ್ಲೀನರ್ ಇಲ್ಲೇ ಬೊಗಳತಾನ, ಮೂರೇ ಸಲ. ಅವ ಬೊಗಳಿದ ಮ್ಯಾಲೆ ನಾ ಹಾರ್ನ್ ಹೊಡದು ಮುಂದ ಹೋಗತೀನಿ. ಇವಗ ಯಾರು ಹೇಳಿದ್ರು?"

ಅತ್ತೆ ಕೈ ಮುಗಿದಿದ್ದರು. ಹನುಮಂತಪ್ಪ ಉದ್ದವಾಗಿ ಹಾರ್ನ್ ಹೊಡೆದರು. ಆ ಹಾರ್ನಿಗೆ ನಾನೇ ಬೆಚ್ಚಿದೆ. ಬೆಣ್ಣೆ ಮಾತ್ರ ಅತ್ತೆಯ ತೊಡೆಯ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿದ. ಸಂಡೂರಿನಲ್ಲಿ ಎಬ್ಬಿಸಿದರೆ ಎರಡು ತತ್ತಿ, ಅತ್ತೆಯ ಪಾಲಿನ ಮಂಡಕ್ಕಿ ತಿಂದ. ವಾಪಸು ಬರುವ ದಾರಿಯುದ್ದಕ್ಕೂ ಗೊರಕೆ.

ನಾನು ಎಷ್ಟೋ ಸಲ ಇದನ್ನು ಕೆದಕಿದ್ದೇನೆ. ಆಸ್ಪತ್ರೆಯಲ್ಲಿ ಕ್ಲೀನರ್‌ನ ಮೈವಾಸನೆ ಇವನಿಗೆ ಅಂಟಿರಬಹುದು. ತಿರುವಿನ ಹತ್ತಿರ ಡ್ರೈವರ್ ಕೈ ತನಗೇ ಗೊತ್ತಿಲ್ಲದೆ ಹಾರ್ನಿನ ಕಡೆ ಸರಿದಿರಬಹುದು, ನಾಯಿ ಅದನ್ನು ಗಮನಿಸಿರಬಹುದು. ಆದರೆ ಮೂರು ಸಲ ಎಂದು ಯಾವ ಕೈ ಹೇಳಿತು? ನಾಲ್ಕು ಹತ್ತು ಎಂದು ಯಾವ ವಾಸನೆ ಹೇಳಿತು? ಡಾಕ್ಟರಿಗೆ ಕೇಳಿದರೆ ನಕ್ಕು, "ಕಾಲೇಜಿನ್ಯಾಗ ಇದನ್ನ ಕಲಿಸಿಲ್ಲ ಮೇಡಂ," ಎಂದರು. ಮುಂದಿನ ಪರೀಕ್ಷೆಯಲ್ಲಿ ರಕ್ತ ಏರಿತ್ತು. ನಗುವುದಕ್ಕೆ ಅವರಿಗೂ ಕಾರಣವಿತ್ತು.

ಆ ಭಾನುವಾರ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು. ಆರೂವರೆ. ಬೆಣ್ಣೆ ಸತ್ತೇ ಹೋದ ಎಂದುಕೊಂಡು ಓಡಿದೆ. ಅತ್ತೆಯ ಮಂಚದ ಪಕ್ಕದಲ್ಲಿ ನಾಲ್ಕೂ ಕಾಲು ಮೇಲೆ ಮಾಡಿ ಮಲಗಿದ್ದ, ಹೊಟ್ಟೆ ಏರಿ ಇಳಿಯುತ್ತಿತ್ತು. ಮೇಲೆ ಅತ್ತೆಯೂ ಬಾಯಿ ತೆರೆದು ಮಲಗಿದ್ದರು. ಬಾಗಿಲ ಹೊರಗಿನ ಹಾಲಿನ ಪಾಕೀಟು ಬಿಸಿಲಿಗೆ ಬೆಚ್ಚಗಾಗಿತ್ತು. ಅದನ್ನು ಕೈಯಲ್ಲಿ ಹಿಡಿದು ನಗುತ್ತಾ ನಿಂತಿದ್ದಾಗ ಫೋನು ಬಂತು.

"ಅಕ್ಕಾರ, ಹನುಮಂತಪ್ಪ ರೀ. ನಾ ಈಗ ಎದ್ದೆ. ಲೋಡಿಂಗ್ ತಪ್ಪಿತು. ಐದು ವರ್ಷದಾಗ ಮೊದಲ್ನೇ ಸಲ ಕ್ಲೀನರ್ ನನ್ನ ಎಬ್ಬಿಸಿಲ್ಲ. ಇನ್ನೂ ಗೊರಕಿ ಹೊಡಿಯಾಕ ಹತ್ಯಾನ, ಕೇಳ್ರಿ."

ಫೋನನ್ನು ನಾಯಿಯ ಮೂತಿಯ ಹತ್ತಿರ ಹಿಡಿದಿರಬೇಕು. ನಾನು ಕೇಳಿದೆ. ಒಂದು ಕಿವಿಯಲ್ಲಿ ಮರಿಯಮ್ಮನಹಳ್ಳಿಯ ಗೊರಕೆ, ಇನ್ನೊಂದು ಕಿವಿಯಲ್ಲಿ ನಮ್ಮ ಮನೆಯ ಗೊರಕೆ. ಒಂದೇ ಲಯ. ಆ ದಿನ ಸೋಮವಾರ, ಇಬ್ಬರಿಗೂ ಡ್ಯೂಟಿ ಇದ್ದ ದಿನ.