ಹಿಂದಿನ ಸೀಟಿನ ಮುನಿಯಪ್ಪನವರು

ಯಾವ ಕಾರು ಕೆಟ್ಟು ಬಂದರೂ ಮುನಿಯಪ್ಪನವರು ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಹೋಗಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಹೆಗಲ ಮೇಲಿನ ಟವೆಲನ್ನು ಸೀಟಿಗೆ ಹಾಸಿ, ಹೆಣ್ಣು ನೋಡಲು ಬಂದವರ ಹಾಗೆ ನೆಟ್ಟಗೆ ಕೂತು, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ಕಣ್ಣು ಮುಚ್ಚಿ, "ಈಗ ಸ್ಟಾರ್ಟ್ ಮಾಡಿ" ಎನ್ನುವರು. ಕಾರಿನ ಯಜಮಾನರು ಏನು ಕೆಟ್ಟಿದೆ, ಎಂದಿನಿಂದ ಕೆಟ್ಟಿದೆ ಎಂದು ವರದಿ ಒಪ್ಪಿಸಲು ಬಾಯಿ ತೆರೆದರೆ, ಕಣ್ಣು ಬಿಡದೆಯೇ ಒಂದು ಬೆರಳೆತ್ತುವರು.

"ಶ್! ಮಾತಾಡ್ಬೇಡಿ. ಗಾಡಿ ಹೇಳ್ತಾ ಐತೆ."

ಒಮ್ಮೆ ನಾನು ಯಾಕೆ ಹೀಗೆ ಎಂದು ಕೇಳಿದ್ದೆ. "ಗಾಡಿ ಸುಳ್ಳು ಹೇಳಲ್ಲ ಕಣಮ್ಮ. ಗಾಡಿ ತಂದೋರು ಹೇಳ್ತಾರೆ" ಎಂದು ನಕ್ಕರು. ಆ ಮಾತು ಮುಂದೆ ನನಗೇ ಬಂದು ತಗಲುತ್ತದೆಂದು ನನಗಾಗಲಿ ಅವರಿಗಾಗಲಿ ಆಗ ಗೊತ್ತಿರಲಿಲ್ಲ.

ಚಾಮರಾಜಪೇಟೆಯಲ್ಲಿ, ಒಂದು ಸೌದೆ ಡಿಪೋ ಪಕ್ಕದಲ್ಲಿ ಅವರ ತಗಡಿನ ಶೆಡ್ಡು ಇತ್ತು. ನಮ್ಮ ಮನೆ ಬಸವನಗುಡಿಯಲ್ಲಿ. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅಪ್ಪಾಜಿಗೆ ಎರಡು ಪೂಜೆಗಳಿದ್ದವು: ದಿನಾ ಬೆಳಿಗ್ಗೆ ಶಿವಪೂಜೆ, ಭಾನುವಾರ ಸಂಜೆ ಕಾರಿನ ಪೂಜೆ. ಊರು ಬಿಟ್ಟು ಹೊರಟಿದ್ದ ಯಾರೋ ಕಾಫಿ ತೋಟದ ಸಾಹೇಬರಿಂದ ಕೊಂಡ, ತಿಳಿನೀಲಿ ಬಣ್ಣದ, ಹಡಗಿನಷ್ಟು ಉದ್ದದ ಅಮೆರಿಕದ ಕಾರು ಅದು. ಒಂದು ಗುಂಡಿ ಒತ್ತಿದರೆ ಹಿಂದಿನ ಸೀಟಿನ ಬೆನ್ನಿಗಿದ್ದ ಪುಟ್ಟ ಮೋಟರು ಗುಂಯ್ ಎನ್ನುತ್ತಿತ್ತು. ಅದು ಕೊಳವೆಗಳೊಳಗೆ ಎಣ್ಣೆ ತಳ್ಳಿದಾಗ ಎರಡು ಸಿಲಿಂಡರುಗಳ ಕಂಬಿಗಳು ಮೇಲೇಳುತ್ತಿದ್ದವು. ಕ್ಯಾನ್ವಾಸಿನ ಟಾಪು ತಾನಾಗಿಯೇ ಮಡಚಿಕೊಂಡು ಹಿಂದೆ ಹೋಗಿ ಮಲಗುತ್ತಿತ್ತು. ಇಷ್ಟನ್ನು ನೋಡಲು ಬೀದಿಗೆ ಬೀದಿಯೇ ಕಾಂಪೌಂಡಿನ ಮೇಲೆ ಒರಗಿ ನಿಲ್ಲುತ್ತಿತ್ತು. ಅಪ್ಪಾಜಿ ಮಾತ್ರ ಅದೇನೂ ವಿಶೇಷವಲ್ಲ ಎಂಬಂತೆ ಮುಖ ಮಾಡಿಕೊಂಡು ಇನ್ನೊಮ್ಮೆ ಒತ್ತುತ್ತಿದ್ದರು.

ಆ ಕಾರನ್ನು ಮುಟ್ಟುವ ಹಕ್ಕು ಇದ್ದದ್ದು ಮುನಿಯಪ್ಪನವರಿಗೊಬ್ಬರಿಗೇ. ಬರುವಾಗ ಚೀಲದಲ್ಲಿ ಸಲಕರಣೆಗಳ ಜೊತೆ ತಮ್ಮದೊಂದು ಎನಾಮಲ್ ಲೋಟವನ್ನೂ ತರುತ್ತಿದ್ದರು. ಬಿಳಿಯದು, ಅಂಚಿಗೆ ನೀಲಿ ಗೆರೆ. ಅಮ್ಮ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದಳು. ಅವರು ಸಂಪಿಗೆ ಮರದ ಕೆಳಗೆ ನಿಂತೇ ಕುಡಿದು, ನಲ್ಲಿಯಲ್ಲಿ ತೊಳೆದು ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವರ ತಂದೆ ಮೆಟ್ಟು ಹೊಲಿಯುತ್ತಿದ್ದವರು. ಯಾಕೆ ಹಾಗೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ; ಕೇಳದಿರುವುದೂ ನಮ್ಮ ಮನೆಯ ಶಿಸ್ತಿನಲ್ಲೇ ಸೇರಿತ್ತು.

ಇನ್ನು ನನ್ನ ವಿಷಯ. ನಾನು ಹುಟ್ಟಾ ಚಿಂತೆಗಾರ್ತಿ. ಡಬ್ಬಿಗೆ ಹಾಕಿದ ಕಾಗದ ನಿಜವಾಗಿ ಒಳಗೆ ಬಿತ್ತೋ ಇಲ್ಲವೋ ಎಂದು ಅಂಚೆಪೆಟ್ಟಿಗೆಯ ಬಾಯಿಗೆ ಕೈ ಹಾಕಿ ನೋಡುವವಳು. ಎಪ್ಪತ್ತರ ದಶಕದ ಕೊನೆಗೆ ನನ್ನ ತಮ್ಮನ ಮದುವೆ ಗೊತ್ತಾಯಿತು. ಆಗ ನನಗೆ ಇಪ್ಪತ್ತೇಳು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಮದುಮಗನ ಮೆರವಣಿಗೆ ನಮ್ಮ ಕಾರಿನಲ್ಲೇ, ಟಾಪು ತೆಗೆದು, ಗಾಂಧಿ ಬಜಾರಿನ ಮೂಲಕ ಎಂದು ತೀರ್ಮಾನವಾಯಿತು. ಎಲ್ಲರೂ ಸೀರೆಯ ಚಿಂತೆಯಲ್ಲಿದ್ದರೆ ನನಗೆ ಟಾಪಿನ ಚಿಂತೆ. ಅವತ್ತೇ ತೆರೆಯದಿದ್ದರೆ? ಅರ್ಧಕ್ಕೆ ನಿಂತರೆ?

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮುನಿಯಪ್ಪನವರು ಮಾಡುತ್ತಿದ್ದ ಹಾಗೆಯೇ ಹಿಂದಿನ ಸೀಟು ಕಳಚಿ, ಮೋಟರಿನ ಎಣ್ಣೆಯ ಮುಚ್ಚಳ ತೆರೆದು ಇಣುಕಿದೆ. ಕಡಿಮೆ ಇದೆ ಅನ್ನಿಸಿತು. ನನಗೆ ಎಲ್ಲವೂ ಕಡಿಮೆ ಇದೆ ಎಂದೇ ಅನ್ನಿಸುತ್ತದೆ. ನಮ್ಮ ಕಾರಿನ ಶೆಡ್ಡಿನಲ್ಲಿದ್ದ ಎಂಜಿನ್ ಆಯಿಲ್ ಡಬ್ಬಿಯಿಂದ ಕತ್ತಿನವರೆಗೂ ತುಂಬಿಸಿದೆ. ಆ ರಾತ್ರಿ ಮಾತ್ರ ಬಹಳ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಹತ್ತು ದಿನ ಬಿಟ್ಟು, ಮದುವೆಗೆ ಇನ್ನೂ ಐದು ದಿನವಿರುವಾಗ, ಅಪ್ಪಾಜಿ ಗುಂಡಿ ಒತ್ತಿದರು. ಟಾಪು ಅರ್ಧ ಎದ್ದು, ಕ್ಲಾಸಿನಲ್ಲಿ ಉತ್ತರ ಮರೆತ ಹುಡುಗ ಎತ್ತಿದ ಕೈಯ ಹಾಗೆ ಅಲ್ಲೇ ನಿಂತಿತು. ಹಿಂದಿನ ಸೀಟಿನ ಕೆಳಗೆ ಎಣ್ಣೆ ಸೋರುತ್ತಿತ್ತು.

ಮುನಿಯಪ್ಪನವರು ಬಂದರು. ಟವೆಲು ಹಾಸಿ ಕೂತು ಕಣ್ಣು ಮುಚ್ಚಿದರು. ಆಮೇಲೆ ಸೋರಿದ ಎಣ್ಣೆಗೆ ಬೆರಳದ್ದಿ ಮೂಸಿದರು.

"ಇದು ಬ್ರೇಕ್ ಆಯಿಲ್ ಕುಡಿಯೋ ಮೋಟರು. ಯಾರೋ ಎಂಜಿನ್ ಆಯಿಲ್ ಕುಡಿಸವ್ರೆ. ಒಳಗಿನ ರಬ್ಬರೆಲ್ಲಾ ಊದ್ಕೊಂಡು ಹಾಳಾಗೈತೆ."

"ಯಾರಯ್ಯಾ ಕುಡಿಸ್ತಾರೆ? ನಿನ್ನ ಬಿಟ್ರೆ ಇನ್ಯಾರು ಮುಟ್ಟಿದಾರೆ?" ಅಪ್ಪಾಜಿಯ ದನಿ ಏರಿತು.

ಮುನಿಯಪ್ಪನವರು ನನ್ನ ಕಡೆ ನೋಡಿದರು. ಒಂದು ಕ್ಷಣ, ಅಷ್ಟೇ. ಗಾಡಿಗಿಂತ ಸ್ಪಷ್ಟವಾಗಿ ನನ್ನ ಮುಖವೇ ಹೇಳಿರಬೇಕು.

"ನಾನೇ ಇರ್ಬೇಕು ಸ್ವಾಮಿ. ಹೋದ ಸಲ ಡಬ್ಬಿ ಅದಲುಬದಲು ಆಗೋಗೈತೆ."

ಅಪ್ಪಾಜಿ ಬೀದಿಗೆ ಕೇಳುವಂತೆ ಅವರನ್ನು ಬೈದರು. "ಮೂವತ್ತು ವರ್ಷ ಕೆಲಸ ಮಾಡಿದೋನು ಮಾಡೋ ತಪ್ಪೇನಯ್ಯಾ ಇದು? ನನ್ನ ಮಗನ ಮದುವೆಗೆ ಹೊತ್ತು ನೋಡಿ ಮಾಡಿದೀಯಲ್ಲ!" ಅವರು ತಲೆ ತಗ್ಗಿಸಿ ನಿಂತಿದ್ದರು. ನಾನು ಸಂಪಿಗೆ ಮರದ ಮರೆಗೆ ಸರಿದೆ.

ಆ ರಬ್ಬರ್ ವಾಷರು ಬೆಂಗಳೂರಿನಲ್ಲಿ ಸಿಗುವಂಥದ್ದಲ್ಲ. ಅಮೆರಿಕದಿಂದ ಬರುವಷ್ಟರಲ್ಲಿ ತಮ್ಮನಿಗೆ ಮಕ್ಕಳಾಗುತ್ತಿದ್ದವು. ಮರುದಿನ ಮುನಿಯಪ್ಪನವರು ಬಟ್ಟೆಯಲ್ಲಿ ಸುತ್ತಿದ ಒಂದು ಕತ್ತಿ ತಂದರು. ಅವರ ತಂದೆ ತೊಗಲು ಕೊಯ್ಯುತ್ತಿದ್ದ ಕತ್ತಿ. ಅದರಲ್ಲಿ ಗಟ್ಟಿ ಚರ್ಮವನ್ನು ಬಿಲ್ಲೆಗಳಾಗಿ ಕೊಯ್ದು, ನೀರಲ್ಲಿ ನೆನೆಸಿ, ಮರದ ಅಚ್ಚಿನಲ್ಲಿ ಒತ್ತಿ ಪುಟ್ಟ ಬಟ್ಟಲುಗಳ ಹಾಗೆ ಮಾಡಿ ಒಣಗಿಸಿದರು. ಆಮೇಲೆ ಅವನ್ನು ಹರಳೆಣ್ಣೆಯಲ್ಲಿ ಮುಳುಗಿಸಿಟ್ಟರು. "ಸೈಕಲ್ ಪಂಪಿನಾಗೆ ಇರೋದೂ ಇದೇ ಅಲ್ವೇನಮ್ಮ? ಗಾಳಿ ಹಿಡಿಯೋ ಚರ್ಮ ಎಣ್ಣೆ ಹಿಡಿಯಾಕಿಲ್ವ?" ಕಚೇರಿಗೆ ರಜೆ ಹಾಕಿ ನಾನು ಪಕ್ಕದಲ್ಲೇ ಕೂತು ಸಿಲಿಂಡರು, ಕೊಳವೆಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ತೊಳೆದೆ. ಯಾರೂ ಹೇಳಿರಲಿಲ್ಲ. ಅವರು ಬೇಡವೆನ್ನಲೂ ಇಲ್ಲ.

ಮೂರನೆಯ ದಿನ ಕೇಳಿಯೇಬಿಟ್ಟೆ. "ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ಹೆದರ್ಕೊಂಡು ಮಾಡಿದ್ ಕೆಲ್ಸ ಕಣಮ್ಮ ಅದು, ಕೆಟ್ಟ ಬುದ್ಧೀಲಿ ಮಾಡಿದ್ದಲ್ಲ. ಮದ್ವೆ ಮನೇಲಿ ಹೆಣ್ಮಗಳು ಅಳಬಾರ್ದು. ನನ್ ಹೆಸ್ರು ಹಳೇದು, ಒಂದು ಗೀರು ಬಿದ್ರೆ ಏನೂ ಆಗಾಕಿಲ್ಲ ಬುಡಿ."

ಮದುವೆಯ ದಿನ ಟಾಪು ಬೆಣ್ಣೆಯ ಹಾಗೆ ಮಡಚಿಕೊಂಡಿತು. ತಮ್ಮ ಹೂವಿನ ಹಾರದೊಳಗಿಂದ ಕೈ ಬೀಸಿದ. ಮುನಿಯಪ್ಪನವರು ಜನರ ಹಿಂದೆ, ಹೂವಿನ ಅಂಗಡಿಯೊಂದರ ಪಕ್ಕ ನಿಂತು ನೋಡುತ್ತಿದ್ದರು.

ಆದರೆ ಗೀರು ಗೀರಾಗಿ ಉಳಿಯಲಿಲ್ಲ. "ಮುನಿಯಪ್ಪನ ಕೈ ಸೋತಿದೆ" ಎಂದು ಅಪ್ಪಾಜಿ ಅಂಗಡಿಯಲ್ಲಿ ಕೂತು ಹೇಳಿದರು. ಅಪ್ಪಾಜಿ ಹೇಳಿದ್ದನ್ನು ಪೇಟೆಯೇ ನಂಬುತ್ತಿತ್ತು. ನಮ್ಮ ಕಾರು ಬೇರೆ ಗ್ಯಾರೇಜಿಗೆ ಹೋಯಿತು. ಬಸವನಗುಡಿಯ ಹಳೆಯ ಕಾರುಗಳು ಒಂದೊಂದಾಗಿ ಅದರ ಹಿಂದೆ ಹೋದವು. ಚಾಮರಾಜಪೇಟೆಯ ಶೆಡ್ಡಿನ ಮುಂದೆ ಆಟೋಗಳೂ ಸ್ಕೂಟರುಗಳೂ ನಿಲ್ಲತೊಡಗಿದವು. ಆಟೋದಲ್ಲಿ ಆ ದಾರಿಯಾಗಿ ಹೋಗಬೇಕಾದರೆ, "ಬೇರೆ ದಾರಿ ತಗೊಳ್ಳಿ, ಇಲ್ಲಿ ಜಾಸ್ತಿ ಗುಂಡಿ" ಎನ್ನುತ್ತಿದ್ದೆ. ಜಗತ್ತಿನ ಸಕಲ ಸಂಗತಿಗಳಿಗೂ ಚಿಂತಿಸುವ ನಾನು, ಚಿಂತಿಸಬೇಕಾಗಿದ್ದ ಆ ಒಂದರಿಂದ ಆರು ವರ್ಷ ತಪ್ಪಿಸಿಕೊಂಡು ಓಡಾಡಿದೆ.

ಎಂಬತ್ತರ ದಶಕದಲ್ಲಿ ಟಾಪು ಮತ್ತೆ ನಿಂತಿತು. ಹೊಸ ಗ್ಯಾರೇಜಿನವನು ಎಲ್ಲ ಬಿಚ್ಚಿ, ಅಂಗೈಯಲ್ಲಿ ಚರ್ಮದ ಬಟ್ಟಲೊಂದನ್ನು ಇಟ್ಟುಕೊಂಡು ಮನೆಗೆ ಬಂದ.

"ಇದ್ಯಾರ ಕೈಕೆಲಸ ಸಾರ್? ಹೊಸದಿದ್ದಂಗಿದೆ. ಕೆಟ್ಟಿರೋದು ಮೋಟರಿನ ವೈರು ಅಷ್ಟೆ. ಇದನ್ನ ನಾನಂತೂ ಬದಲಾಯಿಸಲ್ಲಪ್ಪ."

ಅವನು ಹೋದಮೇಲೆ ಅಪ್ಪಾಜಿ, "ಇಂಥ ಕೈ ಡಬ್ಬಿ ಅದಲುಬದಲು ಮಾಡುತ್ತಾ?" ಎಂದರು, ಯಾರಿಗೂ ಅಲ್ಲ.

"ಇಲ್ಲ ಅಪ್ಪಾಜಿ. ಅದು ಮಾಡಿದ್ದು ನಾನು."

ಅವರು ಬೈಯಲಿಲ್ಲ. ಕಾರು ರಿಪೇರಿಯಾಗಿ ಬಂದ ದಿನ ಕೋಟು ಹಾಕಿಕೊಂಡು, "ಕಾರು ಹತ್ತು" ಎಂದು ನನ್ನನ್ನು ಚಾಮರಾಜಪೇಟೆಗೆ ಕರೆದೊಯ್ದರು.

ಮುನಿಯಪ್ಪನವರು ಆಟೋ ಒಂದರ ಕೆಳಗಿನಿಂದ ಎದ್ದು ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ನೀಲಿ ಕಾರನ್ನು ಕಂಡು, ಏನೂ ಕೇಳದೆ, ಟವೆಲು ಹಾಸಿ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ನಾನು ಬಾಗಿಲ ಪಕ್ಕ ನಿಂತೆ. ಅಪ್ಪಾಜಿ ಗುಂಡಿ ಒತ್ತಿದರು. ಟಾಪು ಮಡಚಿಕೊಂಡಿತು, ಸೌದೆ ಡಿಪೋದ ಮೇಲಿನ ಬಿಸಿಲು ಮೂವರ ಮೇಲೂ ಬಿತ್ತು.

ಅಪ್ಪಾಜಿ ಹಿಂದೆ ತಿರುಗದೆಯೇ ಹೇಳಿದರು: "ಮುನಿಯಪ್ನೋರೆ, ಬಾಯಾರಿದೆ. ಒಂದು ಲೋಟ ನೀರು ಕೊಡ್ತೀರಾ?"

ಅಪ್ಪಾಜಿ ಮುನಿಯಪ್ಪನವರನ್ನು "ನೀವು" ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮುನಿಯಪ್ಪನವರು ತಟಕ್ಕನೆ ಕಣ್ಣು ಬಿಟ್ಟರು. "ಇರಿ ಸ್ವಾಮಿ, ಮೂಲೆ ಅಂಗ್ಡಿಯಿಂದ ಸೋಡಾ ತರ್ತೀನಿ."

"ಸೋಡಾ ಬೇಡ. ನಿಮ್ಮ ಲೋಟದಲ್ಲೇ ಕೊಡಿ."

ಎನಾಮಲ್ ಲೋಟ ಬಂತು. ನೀಲಿ ಅಂಚು ಅಲ್ಲಲ್ಲಿ ಹಾರಿಹೋಗಿತ್ತು. ಕೊಟ್ಟು ಅವರು ಮತ್ತೆ ಹಿಂದಿನ ಸೀಟಿನಲ್ಲಿ ಕೂತರು. ಅಪ್ಪಾಜಿ ಎತ್ತಿ ಹೊಯ್ದುಕೊಳ್ಳಲಿಲ್ಲ. ತುಟಿಗಿಟ್ಟು, ನಿಧಾನವಾಗಿ, ಪೂರ್ತಿ ಕುಡಿದರು.

ಮರುದಿನದಿಂದ ಅಪ್ಪಾಜಿ ಅಂಗಡಿಗೆ ಬಂದವರಿಗೆಲ್ಲ "ತಪ್ಪು ನಮ್ಮ ಮನೆಯದು, ಆ ಮನುಷ್ಯನದಲ್ಲ" ಎಂದು ಹೇಳಿದರು. ಎರಡು ಮೂರು ಹಳೆಯ ಕಾರುಗಳು ಚಾಮರಾಜಪೇಟೆಗೆ ಮರಳಿದವು. ಹೆಚ್ಚು ದಿನವಿರಲಿಲ್ಲ, ಆ ವರ್ಷ ಕಳೆಯುವುದರೊಳಗೆ ಮುನಿಯಪ್ಪನವರು ಹೋದರು. ಶೆಡ್ಡಿನ ಜಾಗದಲ್ಲಿ ಈಗ ಯಾರದೋ ಮನೆ ಇದೆ. ನಾನು ಅವರನ್ನು ಕಡೆಯ ಸಲ ನೋಡಿದ್ದು ಆ ಬಿಸಿಲಿನಲ್ಲೇ.

ಅಪ್ಪಾಜಿ ನೀರು ಕುಡಿಯುತ್ತಿದ್ದಾಗ ನಾನು ಹಿಂದಿನ ಸೀಟಿನ ಕಡೆ ಬಗ್ಗಿ, ಆರು ವರ್ಷ ಹೇಳದೆ ಇಟ್ಟುಕೊಂಡಿದ್ದುದನ್ನು ಹೇಗೋ ಶುರು ಮಾಡಿದ್ದೆ. "ಮುನಿಯಪ್ನೋರೆ, ಅವತ್ತು ನಾನು..."

ಅವರು ಕಣ್ಣು ಮುಚ್ಚಿಕೊಂಡು ಒಂದು ಬೆರಳೆತ್ತಿದರು.

"ಶ್! ಮಾತಾಡ್ಬೇಡಮ್ಮ. ಗಾಡಿ ಹೇಳ್ತಾ ಐತೆ."

ಮೋಟರು ಆಗಲೇ ನಿಂತಿತ್ತು. ಗಾಡಿ ಏನೂ ಹೇಳುತ್ತಿರಲಿಲ್ಲ.